ನೆಲ ನಿಜಕ್ಕೂ ಡೊಂಕಿರಬಹುದು: ಗಿಟಾರಿಗೆ ಮನೆಯಲ್ಲೇ ಹೊಸ ತಂತಿ ಹಾಕಿ, ಎತ್ತರ ಸರಿಮಾಡಿಕೊಳ್ಳುವ ಕ್ರಮ

"ಆರು ತಿಂಗಳಾಯ್ತು, ಎಫ್ ಕಾರ್ಡ್ ಇನ್ನೂ ಕೂರ್ತಿಲ್ಲ. ಬೆರಳ ತುದಿ ಉರಿಯುತ್ತೆ. ನನಗೆ ಈ ವಾದ್ಯ ಒಲಿಯಲ್ವೇನೋ." ಗಿಟಾರ್ ಕಲಿಯಲು ಶುರು ಮಾಡಿದವರು ನನಗೆ ಬರೆಯುವುದರಲ್ಲಿ ಅರ್ಧಕ್ಕರ್ಧ ಇದೇ ಮಾತು. (ಕಾರ್ಡ್ ಅಂದರೆ ಹಲವು ತಂತಿಗಳನ್ನು ಒಟ್ಟಿಗೆ ನುಡಿಸುವ ಸ್ವರಗುಚ್ಛ, ಎಫ್ ಅವುಗಳಲ್ಲಿ ಒಂದು.) ಅದರ ಬೆನ್ನಿಗೇ ಬರುವುದು, "ಎಷ್ಟು ಶ್ರುತಿ ಮಾಡಿದರೂ ನಿಲ್ಲಲ್ಲ". ಆಮೇಲೆ, "ಕೊಂಡಾಗ ಇದ್ದ ನಾದ ಈಗಿಲ್ಲ". ಇಷ್ಟು ದಿನ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುತ್ತಿದ್ದೆ. ಆದರೆ ಮೂರೂ ದೂರುಗಳ ಬೇರು ಬಹುಪಾಲು ಒಂದೇ ಕಡೆ ಇದೆ: ಜೀವ ಹೋದ ತಂತಿ, ಮತ್ತು ಆ ತಂತಿ ಇರಬೇಕಾದ್ದಕ್ಕಿಂತ ಮೇಲೆ ಕೂತಿರುವುದು. ಹಾಗಾಗಿ ಒಂದೇ ಕಡೆ, ಮೊದಲಿನಿಂದ ಕೊನೆಯವರೆಗೆ ಬರೆದಿಡುತ್ತಿದ್ದೇನೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ನಮ್ಮ ತಲೆಯಲ್ಲಿ ಎಷ್ಟು ಆಳವಾಗಿ ಕೂತಿದೆಯೆಂದರೆ, ಕಲಿಯುವವರು ವಾದ್ಯವನ್ನು ಅನುಮಾನಿಸುವುದೇ ಇಲ್ಲ, ತಮ್ಮ ಬೆರಳನ್ನೇ ಬೈದುಕೊಳ್ಳುತ್ತಾರೆ. ಗಿಟಾರಿನ ವಿಷಯದಲ್ಲಿ, ಅದರಲ್ಲೂ ಹೊಸಬರ ಕೈಗೆ ಸಿಗುವ ಅಗ್ಗದ ಗಿಟಾರಿನ ವಿಷಯದಲ್ಲಿ, ನೆಲ ನಿಜಕ್ಕೂ ಡೊಂಕಿರುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಬೆರಳ ತುದಿ ಗಟ್ಟಿಯಾಗಲು ಎರಡು ಮೂರು ವಾರ ನೋವು ಸಹಜ. ಆರು ತಿಂಗಳ ನೋವು ಸಹಜವಲ್ಲ.

ಇಲ್ಲಿ ಹೇಳುವುದೆಲ್ಲ ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರಿಗೆ ಸಂಬಂಧಿಸಿದ್ದು. ಮೊದಲ ಸಲ ಮಾಡುವಾಗ ಒಂದೂವರೆ ತಾಸು ಬೇಕು. ಮೂರನೇ ಸಲಕ್ಕೆ ಅರ್ಧ ತಾಸಿನಲ್ಲಿ ಮುಗಿಯುತ್ತದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಒಂದು ಸೆಟ್ ತಂತಿ, ತಂತಿ ಕತ್ತರಿಸುವ ಕಟಿಂಗ್ ಪ್ಲೇಯರ್, ಶ್ರುತಿ ನೋಡಲು ಟ್ಯೂನರ್ ಅಥವಾ ಮೊಬೈಲಿನ ಆಪ್, ಮೆತ್ತನೆಯ ಹತ್ತಿಬಟ್ಟೆ ಎರಡು, ಹಳೆಯ ಎಟಿಎಂ ಕಾರ್ಡುಗಳು ನಾಲ್ಕೈದು, ಜೆರಾಕ್ಸ್ ಕಾಗದದ ಎರಡು ಹಾಳೆ. ಸ್ಟ್ರಿಂಗ್ ವೈಂಡರ್ ಎಂಬ ಸಣ್ಣ ಪ್ಲಾಸ್ಟಿಕ್ ಹಿಡಿಕೆ ಸಿಗುತ್ತದೆ, ಬಿರಡೆಗೆ ಸಿಕ್ಕಿಸಿ ಗಿರಗಿರನೆ ತಿರುಗಿಸಬಹುದು. ಇದ್ದರೆ ಕೈ ನೋಯುವುದಿಲ್ಲ, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಇನ್ನೊಂದು, ಕನ್ನಡಕ ಇರುವವರು ಹಾಕಿಕೊಂಡೇ ಕೂರಿ. ಬಿಗಿದ ಉಕ್ಕಿನ ತಂತಿ ತುಂಡಾದರೆ ಮುಖಕ್ಕೇ ಹಾರುತ್ತದೆ.

ಹೆಸರುಗಳ ಗೊಂದಲವನ್ನೂ ಮೊದಲೇ ಕಳೆದುಕೊಳ್ಳೋಣ. ವೀಣೆ, ತಂಬೂರಿಗಳಲ್ಲಿ ಬಿರಡೆ ಅನ್ನುವುದನ್ನೇ ಗಿಟಾರಿನವರು ಟ್ಯೂನಿಂಗ್ ಪೆಗ್ ಅನ್ನುತ್ತಾರೆ. ವೀಣೆಯ ಕುದುರೆ ಇಲ್ಲಿ ಬ್ರಿಜ್. ಬ್ರಿಜ್‌ನ ಮೇಲೆ ತಂತಿ ಆನಿಕೊಂಡಿರುವ ಬಿಳಿಯ ಪಟ್ಟಿಗೆ ಸ್ಯಾಡಲ್ ಅಂತಲೂ, ಕುತ್ತಿಗೆಯ ಮೇಲ್ತುದಿಯಲ್ಲಿ ಆರು ಗೀರುಗಳಿರುವ ಬಿಳಿಯ ಪಟ್ಟಿಗೆ ನಟ್ ಅಂತಲೂ ಹೆಸರು. ಬೆರಳಿಡುವ ಹಲಗೆ ಫ್ರೆಟ್‌ಬೋರ್ಡ್, ಅದರ ಅಡ್ಡಪಟ್ಟಿಗಳು ಫ್ರೆಟ್. ದಪ್ಪ ತಂತಿ ಆರನೆಯದು, ಎಲ್ಲಕ್ಕಿಂತ ಸಣ್ಣದು ಒಂದನೆಯದು.

1. ನಿಮ್ಮದು ಯಾವ ಗಿಟಾರ್ ಎಂದು ಖಚಿತ ಮಾಡಿಕೊಳ್ಳಿ

ಇದು ಬಿಡಬಾರದ ಹಂತ. ಕ್ಲಾಸಿಕಲ್ ಗಿಟಾರಿನಲ್ಲಿ ಸಣ್ಣ ಮೂರು ತಂತಿ ನೈಲಾನ್, ಮೀನಿನ ಗಾಳದ ದಾರದ ಹಾಗೆ ಕಾಣುತ್ತವೆ. ಬ್ರಿಜ್‌ನಲ್ಲಿ ತಂತಿಯನ್ನು ಗಂಟು ಹಾಕಿರುತ್ತಾರೆ, ಕುತ್ತಿಗೆ ಅಗಲವಾಗಿರುತ್ತದೆ, ನಟ್‌ನ ಹತ್ತಿರ ಅಳೆದರೆ ಸುಮಾರು 52 ಮಿ.ಮೀ. ಉಕ್ಕಿನ ತಂತಿಯ ಗಿಟಾರಿನಲ್ಲಿ ಅದೇ ಅಳತೆ 43 ಮಿ.ಮೀ. ಆಸುಪಾಸು, ಬ್ರಿಜ್‌ನಲ್ಲಿ ಗಂಟಿನ ಬದಲು ಆರು ಸಣ್ಣ ಗೂಟಗಳಿರುತ್ತವೆ.

ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಹಾಕಬೇಡಿ. ನಾದ ಜೋರಾಗಲಿ ಎಂಬ ಆಸೆಗೆ ಹೀಗೆ ಮಾಡಿದವರ ಗಿಟಾರುಗಳು ನನ್ನ ಬಳಿ ಬಂದಿವೆ, ಬ್ರಿಜ್ ಕಿತ್ತು ಮೇಲೆದ್ದಿರುತ್ತದೆ. 12-53 ಎಂಬ ಸಾಮಾನ್ಯ ಉಕ್ಕಿನ ಸೆಟ್ಟು ಶ್ರುತಿಗೆ ಬಂದಾಗ ಆರೂ ತಂತಿ ಸೇರಿ 70 ಕೆ.ಜಿ.ಗೂ ಹೆಚ್ಚು ಎಳೆಯುತ್ತವೆ. ಒಬ್ಬ ದೊಡ್ಡ ಮನುಷ್ಯ ಜೋತುಬಿದ್ದ ಹಾಗೆ. ನೈಲಾನ್‌ಗಾಗಿ ಹಗುರಾಗಿ ಕಟ್ಟಿದ ಪೆಟ್ಟಿಗೆ ಅದನ್ನು ತಾಳುವುದಿಲ್ಲ.

2. ಯಾವ ತಂತಿ ಕೊಳ್ಳಬೇಕು

ಪೊಟ್ಟಣದ ಮೇಲಿನ ಅಂಕಿ ತಂತಿಯ ದಪ್ಪವನ್ನು ಇಂಚಿನ ಸಾವಿರದ ಭಾಗದಲ್ಲಿ ಹೇಳುತ್ತದೆ. 12-53 ಅಂದರೆ ಒಂದನೇ ತಂತಿ 0.012 ಇಂಚು, ಅಂದರೆ 0.30 ಮಿ.ಮೀ., ಆರನೆಯದು 0.053 ಇಂಚು. ಇದನ್ನು ಲೈಟ್ ಅನ್ನುತ್ತಾರೆ. ಹೆಸರು ಕೇಳಿ ಹಗುರ ಅಂದುಕೊಳ್ಳಬೇಡಿ, ಹೊಸ ಬೆರಳಿಗೆ ಇದು ಬಿಗಿಯೇ. 11-52 ಕಸ್ಟಮ್ ಲೈಟ್, 10-47 ಎಕ್ಸ್‌ಟ್ರಾ ಲೈಟ್.

ಮೊದಲ ವರ್ಷದವರಿಗೆ ನಾನು ಕಣ್ಣುಮುಚ್ಚಿ ಹೇಳುವುದು 10ರಿಂದ ಶುರುವಾಗುವ ಸೆಟ್. ನಾದ ಸ್ವಲ್ಪ ತೆಳ್ಳಗಾಗುತ್ತದೆ, ನಿಜ. ಆದರೆ ನೋವಿಗೆ ಹೆದರಿ ಗಿಟಾರನ್ನು ಮಂಚದ ಕೆಳಗೆ ಸರಿಸುವುದಕ್ಕಿಂತ ತೆಳು ನಾದದಲ್ಲಿ ದಿನಾ ಅರ್ಧ ಗಂಟೆ ನುಡಿಸುವುದು ಎಷ್ಟೋ ಮೇಲು. "ಕಷ್ಟದ ತಂತಿಯಲ್ಲೇ ಕಲಿ, ಆಮೇಲೆ ಎಲ್ಲ ಸುಲಭ" ಎಂದು ಹೇಳುವ ಹಿರಿಯರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ.

ಲೋಹದಲ್ಲಿ ಎರಡು ಬಗೆ ಹೆಚ್ಚು ಬಳಕೆಯಲ್ಲಿವೆ. 80/20 ಬ್ರಾಂಜ್ ಅಂದರೆ ದಪ್ಪ ತಂತಿಗಳ ಮೇಲಿನ ಸುತ್ತು 80 ಭಾಗ ತಾಮ್ರ, 20 ಭಾಗ ಸತು. ಹೆಸರು ಕಂಚಾದರೂ ಇದು ವಾಸ್ತವದಲ್ಲಿ ಹಿತ್ತಾಳೆ. ಹೊಸದರಲ್ಲಿ ಝಣಝಣ ಅನ್ನುತ್ತದೆ, ಬೇಗ ಮಂಕಾಗುತ್ತದೆ. ಫಾಸ್ಫರ್ ಬ್ರಾಂಜ್‌ನಲ್ಲಿ ತಾಮ್ರಕ್ಕೆ ತವರ ಮತ್ತು ಚಿಟಿಕೆ ರಂಜಕ ಸೇರಿರುತ್ತದೆ. ಡಿ'ಅಡ್ಡಾರಿಯೊ ಕಂಪನಿ 1974ರಲ್ಲಿ ಇದನ್ನು ತಂದಿತು. ನಾದ ಸ್ವಲ್ಪ ಬೆಚ್ಚಗೆ, ಬಾಳಿಕೆ ಸ್ವಲ್ಪ ಹೆಚ್ಚು. ಮಂಗಳೂರು, ಉಡುಪಿ, ಕಾರವಾರದ ಕಡೆಯವರು, ಕೈ ಬೆವರುವವರು ಕೋಟೆಡ್ ತಂತಿ ಕೊಂಡರೆ ಲಾಭ. ತಂತಿಯ ಮೇಲೆ ತೆಳುವಾದ ಪದರ ಇರುವುದರಿಂದ ಬೆವರೂ ಉಪ್ಪುಗಾಳಿಯೂ ಲೋಹಕ್ಕೆ ತಾಗುವುದಿಲ್ಲ. ಬೆಲೆ ದುಪ್ಪಟ್ಟಾದರೂ ಅದಕ್ಕಿಂತ ಹೆಚ್ಚು ಕಾಲ ಬರುತ್ತದೆ.

ಅಂಗಡಿಯಲ್ಲಿ "ಅಕೌಸ್ಟಿಕ್, ಸ್ಟೀಲ್" ಎಂದು ಬಾಯಿಬಿಟ್ಟು ಕೇಳಿ. ಎಲೆಕ್ಟ್ರಿಕ್ ಸೆಟ್ಟನ್ನು ಕೊಟ್ಟುಬಿಡುವುದುಂಟು. ಮನೆಗೆ ಬಂದ ಮೇಲೆ ಮೂರನೇ ತಂತಿ ನೋಡಿ. ಅಕೌಸ್ಟಿಕ್ ಸೆಟ್ಟಿನಲ್ಲಿ ಸಾಮಾನ್ಯವಾಗಿ ಅದಕ್ಕೆ ಸುತ್ತು ಇರುತ್ತದೆ, ಎಲೆಕ್ಟ್ರಿಕ್ ಸೆಟ್ಟಿನಲ್ಲಿ ಬೋಳಾಗಿರುತ್ತದೆ.

3. ಬಿಚ್ಚುವ ಮೊದಲು ಎತ್ತರ ಅಳೆಯಿರಿ

ತಂತಿ ಬಿಚ್ಚಿದ ಮೇಲೆ ಈ ಅಳತೆ ಸಿಗುವುದಿಲ್ಲ, ಆದ್ದರಿಂದ ಈಗಲೇ. ತಂತಿಗೂ ಫ್ರೆಟ್ಟಿಗೂ ನಡುವಿನ ಅಂತರಕ್ಕೆ ಆಕ್ಷನ್ ಅನ್ನುತ್ತಾರೆ. ಅದನ್ನು ನೋಡುವುದು 12ನೇ ಫ್ರೆಟ್ಟಿನ ಮೇಲೆ, ಅಂದರೆ ತಂತಿಯ ನಟ್ಟನಡುವೆ.

ಎಟಿಎಂ ಕಾರ್ಡುಗಳು ಬೇಕಾದದ್ದು ಇಲ್ಲಿಗೇ. ಜಗತ್ತಿನ ಎಲ್ಲ ಎಟಿಎಂ ಕಾರ್ಡುಗಳ ದಪ್ಪವೂ ಒಂದೇ ಅಳತೆ, 0.76 ಮಿ.ಮೀ. ಉಬ್ಬಿದ ಅಕ್ಷರ ಇಲ್ಲದವನ್ನು ಆರಿಸಿ, ಇದ್ದರೆ ಆ ಭಾಗ ಬಿಟ್ಟು ಅಳೆಯಿರಿ. ಗಿಟಾರನ್ನು ಶ್ರುತಿ ಮಾಡಿ, ನುಡಿಸುವ ಭಂಗಿಯಲ್ಲೇ ತೊಡೆಯ ಮೇಲಿಟ್ಟುಕೊಂಡು, ಕಾರ್ಡುಗಳನ್ನು ಒಂದರ ಮೇಲೊಂದು ಜೋಡಿಸಿ 12ನೇ ಫ್ರೆಟ್ಟಿನ ತಲೆಗೂ ಆರನೇ ತಂತಿಗೂ ನಡುವೆ ತೂರಿಸಿ.

ಮೂರು ಕಾರ್ಡು ಸೇರಿದರೆ 2.3 ಮಿ.ಮೀ. ಆರನೇ ತಂತಿಯ ಕೆಳಗೆ ಮೂರು ಕಾರ್ಡು ಸಲೀಸಾಗಿ ಹೋಗಿ, ನಾಲ್ಕನೆಯದನ್ನು ಸೇರಿಸಿದರೆ ತಂತಿ ಮೇಲಕ್ಕೆ ಏಳುತ್ತದೆ ಅಂದರೆ ಗಿಟಾರ್ ಚೆನ್ನಾಗಿದೆ. ಒಂದನೇ ತಂತಿಯ ಕೆಳಗೆ ಎರಡು ಕಾರ್ಡು ಹಿಡಿದು ಚೂರು ಜಾಗ ಉಳಿಯಬೇಕು, ಅಂದರೆ 1.6ರಿಂದ 2 ಮಿ.ಮೀ. ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಪಿಯುಸಿ ಹುಡುಗಿಯೊಬ್ಬಳು ಗಿಟಾರ್ ತಂದಿದ್ದಳು. ಆರನೇ ತಂತಿಯ ಕೆಳಗೆ ಐದು ಕಾರ್ಡು ತೂರಿಸಿದೆ, ಐದೂ ತಂತಿಗೆ ತಾಗದೆ ಆಚೆ ಬಂದವು. ಆ ಗಿಟಾರಿನಲ್ಲಿ ಎಫ್ ಹಿಡಿಯಲು ನನ್ನ ಕೈಗೂ ಕಷ್ಟವಾಯಿತು. ಅವಳು ಎಂಟು ತಿಂಗಳು ಅದರಲ್ಲೇ ಅಭ್ಯಾಸ ಮಾಡಿದ್ದಳು.

ಎತ್ತರ ಹೆಚ್ಚಿದ್ದರೆ ನೋವಷ್ಟೇ ಅಲ್ಲ, ಅಪಸ್ವರವೂ ಬರುತ್ತದೆ. ದೂರದಿಂದ ಒತ್ತುವಾಗ ತಂತಿ ಎಳೆದುಕೊಂಡು ಸ್ವರ ಏರುತ್ತದೆ. ಖಾಲಿ ತಂತಿ ಟ್ಯೂನರ್‌ನಲ್ಲಿ ಸರಿಯಾಗಿದ್ದು ಎಫ್‌ನಂಥ ಕಾರ್ಡ್ ಹಿಡಿದ ಕೂಡಲೇ ಕಿವಿಗೆ ಕಚ್ಚುವುದು ಇದರಿಂದಲೇ.

ಇನ್ನೆರಡು ಪರೀಕ್ಷೆ, ಅರ್ಧ ನಿಮಿಷದವು. ಆರನೇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕುತ್ತಿಗೆ ಪೆಟ್ಟಿಗೆಗೆ ಸೇರುವ 14ನೇ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಏಳನೇ ಫ್ರೆಟ್ಟಿನ ಮೇಲೆ ಎಷ್ಟು ಸಂದು ಇದೆ ನೋಡಿ. ಜೆರಾಕ್ಸ್ ಕಾಗದದ ಒಂದು ಹಾಳೆ ಸುಮಾರು 0.1 ಮಿ.ಮೀ. ಒಂದೆರಡು ಹಾಳೆ ಹಿಡಿಯುವಷ್ಟು ಸಂದು ಇರಬೇಕು. ಇದು ಕುತ್ತಿಗೆಯ ಬಾಗು, ರಿಲೀಫ್ ಅನ್ನುತ್ತಾರೆ. ಆಮೇಲೆ ಒಂದೊಂದೇ ತಂತಿಯನ್ನು ಎರಡು ಮೂರನೇ ಫ್ರೆಟ್ಟುಗಳ ನಡುವೆ ಒತ್ತಿ, ಮೊದಲ ಫ್ರೆಟ್ಟಿನ ಮೇಲೆ ನೋಡಿ. ಅಲ್ಲಿ ಕೂದಲೆಳೆಯಷ್ಟು ಸಂದು ಇದ್ದರೆ ಸಾಕು. ಕಣ್ಣಿಗೆ ಎದ್ದು ಕಾಣುವಷ್ಟಿದ್ದರೆ ನಟ್‌ನ ಗೀರು ಮೇಲಾಗಿದೆ, ಎಫ್ ಕೂರದಿರಲು ಎಷ್ಟೋ ಸಲ ಅದೊಂದೇ ಕಾರಣ. ಎಲ್ಲ ಅಳತೆಗಳನ್ನೂ ಒಂದು ಚೀಟಿಯಲ್ಲಿ ಬರೆದಿಡಿ.

4. ಹಳೆಯ ತಂತಿ ಬಿಚ್ಚುವುದು

ಬಿಗಿದಿರುವ ತಂತಿಗೆ ಕಟಿಂಗ್ ಪ್ಲೇಯರ್ ಹಾಕಬೇಡಿ. ಬಿರಡೆ ತಿರುಗಿಸಿ, ತಂತಿ ಪೂರ್ತಿ ಜೋಲುವಷ್ಟು ಸಡಿಲಿಸಿ, ಆಮೇಲೆ ಕತ್ತರಿಸಿ. ಬ್ರಿಜ್‌ನ ಗೂಟವನ್ನು ಸ್ಟ್ರಿಂಗ್ ವೈಂಡರ್‌ನ ಕಚ್ಚಿನಿಂದ ಮೇಲೆತ್ತಬಹುದು. ಬರದಿದ್ದರೆ ಪ್ಲೇಯರ್‌ನಿಂದ ಕಚ್ಚಿ ಎಳೆಯಬೇಡಿ, ಪ್ಲಾಸ್ಟಿಕ್ ಗೂಟ ತಟ್ಟನೆ ಮುರಿಯುತ್ತದೆ. ಪೆಟ್ಟಿಗೆಯ ದುಂಡು ತೂತಿನಿಂದ ಕೈ ಒಳಗೆ ಹಾಕಿ, ಐವತ್ತು ಪೈಸೆಯಂಥ ಸಣ್ಣ ನಾಣ್ಯವನ್ನು ಗೂಟದ ಬುಡಕ್ಕಿಟ್ಟು ಒತ್ತಿದರೆ ಮೇಲೆ ಬರುತ್ತದೆ.

ಆರೂ ತಂತಿ ಒಟ್ಟಿಗೆ ತೆಗೆದರೆ ಕುತ್ತಿಗೆ ಕೆಡುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಒಂದೆರಡು ತಾಸಿಗೆ ಏನೂ ಆಗುವುದಿಲ್ಲ. ಒಟ್ಟಿಗೆ ತೆಗೆದರೇ ಫ್ರೆಟ್‌ಬೋರ್ಡ್ ಸರಿಯಾಗಿ ಒರೆಸಲು ಆಗುವುದು. ವಾರಗಟ್ಟಲೆ ತಂತಿಯಿಲ್ಲದೆ ಇಡಬೇಡಿ, ಅಷ್ಟೇ.

5. ಒರೆಸುವುದು

ಫ್ರೆಟ್ಟುಗಳ ಅಂಚಿನಲ್ಲಿ ಕಪ್ಪಗೆ ಜಿಡ್ಡು ಕಟ್ಟಿರುತ್ತದೆ. ಬಟ್ಟೆಯನ್ನು ಸ್ವಲ್ಪವೇ ಒದ್ದೆ ಮಾಡಿ, ಹಿಂಡಿ, ಒರೆಸಿ, ಕೂಡಲೇ ಒಣಬಟ್ಟೆಯಿಂದ ಉಜ್ಜಿ. ಮರ ತೀರಾ ಒಣಗಿ ಬಿಳಿಚಿಕೊಂಡಿದ್ದರೆ ಫ್ರೆಟ್‌ಬೋರ್ಡಿಗೆಂದೇ ಮಾರುವ ಎಣ್ಣೆಯನ್ನು ನಾಲ್ಕೈದು ಹನಿ ಹಚ್ಚಿ, ಐದು ನಿಮಿಷ ಬಿಟ್ಟು ಒರೆಸಿಬಿಡಿ. ವರ್ಷಕ್ಕೊಮ್ಮೆ ಸಾಕು.

ಕೊಬ್ಬರಿ ಎಣ್ಣೆ ಹಚ್ಚಬೇಡಿ. ಮನೆಯಲ್ಲಿ ಸುಲಭಕ್ಕೆ ಸಿಗುತ್ತದೆ, ಹಚ್ಚಿದ ದಿನ ಮರ ಮಿರಮಿರ ಹೊಳೆಯುತ್ತದೆ, ನಿಜ. ಆದರೆ ಅಡುಗೆಯ ಎಣ್ಣೆಗಳು ಮರದ ರಂಧ್ರಗಳಲ್ಲಿ ಉಳಿದು ಕಮಟುತ್ತವೆ, ಅಂಟಾಗುತ್ತವೆ, ಧೂಳು ಹಿಡಿಯುತ್ತವೆ. ಹಾಗೆಯೇ ತಂತಿ ಜಾರಲಿ ಎಂದು ಪೌಡರ್ ಹಚ್ಚುವುದೂ ಬೇಡ. ಸುತ್ತಿನ ಸಂದುಗಳಲ್ಲಿ ಪೌಡರ್ ತುಂಬಿಕೊಂಡರೆ ಹೊಸ ತಂತಿಯೂ ಹಳತರಂತೆ ಸದ್ದು ಮಾಡುತ್ತದೆ.

ಒರೆಸುವಾಗ ಮರವನ್ನು ಒಮ್ಮೆ ಗಮನಿಸಿ. ಕಡು ಕಂದು, ನೇರಳೆ ಛಾಯೆಯ ಗೆರೆಗಳಿದ್ದರೆ ಅದು ನಮ್ಮ ಬೀಟೆಯೇ ಇರಬಹುದು. ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಬೀಟೆಯನ್ನೇ ಗಿಟಾರ್ ಲೋಕ ಇಂಡಿಯನ್ ರೋಸ್‌ವುಡ್ ಎಂದು ಕರೆಯುವುದು. ಅಮೆರಿಕದ ಮಾರ್ಟಿನ್ ಕಂಪನಿ ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ 1969ರಲ್ಲಿ ಇದಕ್ಕೆ ಬದಲಾಯಿಸಿಕೊಂಡಿತು.

6. ಹೊಸ ತಂತಿ ಹಾಕುವುದು

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಪೊಟ್ಟಣದಲ್ಲಿ ಒಂದೊಂದು ತಂತಿಗೂ ಬೇರೆ ಲಕೋಟೆ ಇರುತ್ತದೆ, ಇಲ್ಲವೇ ತುದಿಯ ಗುಂಡಿಗೆ ಬಣ್ಣವಿದ್ದು ಯಾವುದು ಎಷ್ಟನೆಯದು ಎಂದು ಬರೆದಿರುತ್ತಾರೆ. ಎಲ್ಲ ಒಟ್ಟಿಗೆ ಬಿಚ್ಚಿ ಹರಡಬೇಡಿ. ಒಂದು ಹಾಕಿದ ಮೇಲೆ ಇನ್ನೊಂದರ ಲಕೋಟೆ ಬಿಚ್ಚಿ. ಆರನೆಯದರಿಂದ ಶುರು ಮಾಡಿ.

ಮೊದಲು ಬ್ರಿಜ್ ಕಡೆ. ಲೋಹದ ಗುಂಡಿ ಇರುವ ತುದಿಯನ್ನು, ಗುಂಡಿಯ ಪಕ್ಕದಲ್ಲಿ ಚೂರು ಬಾಗಿಸಿ, ತೂತಿನೊಳಗೆ ಒಂದು ಇಂಚು ಇಳಿಸಿ. ಗೂಟಕ್ಕೆ ಉದ್ದುದ್ದ ಕಾಲುವೆ ಕೊರೆದಿರುತ್ತದೆ, ಆ ಕಾಲುವೆ ಬಿರಡೆಗಳ ಕಡೆ ಮುಖ ಮಾಡಿರಬೇಕು, ತಂತಿ ಅದರಲ್ಲಿ ಕೂರಬೇಕು. ಗೂಟವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುತ್ತಲೇ ಇನ್ನೊಂದು ಕೈಯಲ್ಲಿ ತಂತಿಯನ್ನು ಮೇಲಕ್ಕೆಳೆಯಿರಿ. ಗುಂಡಿ ಒಳಗಿನ ಹಲಗೆಗೆ ಹೋಗಿ ತಗುಲಿದ್ದು ಬೆರಳಿಗೆ 'ಟಕ್' ಎಂದು ಗೊತ್ತಾಗುತ್ತದೆ. ಇಡೀ ಕೆಲಸದಲ್ಲಿ ಕಾಯಬೇಕಾದ್ದು ಆ 'ಟಕ್'ಗಾಗಿ. ಗುಂಡಿಯು ಗೂಟದ ತುದಿಗೆ ಸಿಕ್ಕಿಕೊಂಡಿದ್ದರೆ ಬಿಗಿ ಮಾಡುವಾಗ ಗೂಟ ಮೇಲೆ ಹಾರುತ್ತದೆ. ಆಗ ಅನೇಕರು ಗೂಟವನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುತ್ತಾರೆ. ಬಡಿಯಬೇಡಿ. ಗೂಟ ಬೆರಳಲ್ಲಿ ಒತ್ತಿದಷ್ಟೇ ಬಿಗಿಯಿದ್ದರೆ ಸಾಕು, ತಂತಿಯನ್ನು ಹಿಡಿದಿರುವುದು ಒಳಗೆ ಹಲಗೆಗೆ ಆನಿಕೊಂಡ ಗುಂಡಿ.

ಇನ್ನು ಬಿರಡೆ ಕಡೆ. ಬಿರಡೆಯ ಕಂಬದ ತೂತು ತಂತಿಗೆ ನೇರವಾಗುವಂತೆ ತಿರುಗಿಸಿಟ್ಟುಕೊಳ್ಳಿ. ತಂತಿಯನ್ನು ತೂತಿನಲ್ಲಿ ತೂರಿಸಿ ಪೂರ್ತಿ ಎಳೆದು, ಆಮೇಲೆ ಸುಮಾರು 5 ಸೆ.ಮೀ. ಹಿಂದಕ್ಕೆ ಬಿಡಿ. ಆ ಸಡಿಲವೇ ಕಂಬದ ಸುತ್ತ ಸುರುಳಿಯಾಗುವುದು. ದಪ್ಪ ತಂತಿಗೆ ಎರಡು ಮೂರು ಸುತ್ತು, ಸಣ್ಣದಕ್ಕೆ ನಾಲ್ಕು ಸುತ್ತು ಬಂದರೆ ಸರಿ. ಒಂದೇ ಸುತ್ತಾದರೆ ಜಾರುತ್ತದೆ. ಹತ್ತು ಸುತ್ತು ಒಂದರ ಮೇಲೊಂದು ಹತ್ತಿ ಕೂತರೆ ದಿನಾ ಶ್ರುತಿ ಬಿಡುತ್ತದೆ. "ಶ್ರುತಿ ನಿಲ್ಲಲ್ಲ" ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಈ ಸುತ್ತುಗಳನ್ನೇ.

ತಂತಿ ಎರಡೂ ಸಾಲಿನ ಕಂಬಗಳ ಒಳಮಗ್ಗುಲಿನಿಂದ ಹಾಯ್ದು ಹೋಗಬೇಕು, ಹೊರಮಗ್ಗುಲಿನಿಂದಲ್ಲ. ಸುತ್ತು ಮೇಲಿನಿಂದ ಕೆಳಕ್ಕೆ ಒಂದರ ಕೆಳಗೊಂದು ಇಳಿಯುತ್ತ ಹೋಗಬೇಕು. ಬಲಗೈ ತೋರುಬೆರಳಿನಿಂದ ತಂತಿಯನ್ನು ಸ್ವಲ್ಪ ಬಿಗಿಯಾಗಿ ಹಿಡಿದು, ನಟ್‌ನ ಗೀರಿನಲ್ಲೇ ಕೂತಿರುವಂತೆ ನೋಡಿಕೊಳ್ಳುತ್ತ, ಎಡಗೈಯಲ್ಲಿ ತಿರುಗಿಸುತ್ತ ಬನ್ನಿ. ಈಗಲೇ ಪೂರ್ತಿ ಶ್ರುತಿಗೆ ತರುವ ಅವಸರ ಬೇಡ. ಆರೂ ತಂತಿ ಜೋಲದಷ್ಟು ಬಿಗಿಯಾದ ಮೇಲೆ ಶ್ರುತಿ. ಉಳಿದ ತುದಿಯನ್ನು ಶ್ರುತಿ ನಿಂತ ಮೇಲೆಯೇ ಕತ್ತರಿಸಿ.

7. ಶ್ರುತಿ

ದಪ್ಪದಿಂದ ಸಣ್ಣದಕ್ಕೆ: ಇ, ಎ, ಡಿ, ಜಿ, ಬಿ, ಇ. ಎ ತಂತಿ 110 ಹರ್ಟ್ಸ್, ಒಂದನೇ ತಂತಿ 329.6 ಹರ್ಟ್ಸ್. ಬಹಳಷ್ಟು ಟ್ಯೂನರ್‌ಗಳು ಅಕ್ಷರ ತೋರಿಸುತ್ತವೆ, ಸ್ಥಾಯಿ ತೋರಿಸುವುದಿಲ್ಲ. ಮೂರನೇ ತಂತಿ ಜಿ ದಾಟಿಹೋಗಿ ಎ, ಬಿ ಎಂದು ಏರುತ್ತಿದ್ದರೂ ಗಮನಿಸದೆ ಮುಂದಿನ ಜಿ ಬರಲಿ ಎಂದು ತಿರುಗಿಸಿದವರ ತಂತಿ ತುಂಡಾಗಿದೆ. ಅನುಮಾನ ಬಂದರೆ ಬಿರಡೆ ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಬನ್ನಿ.

ಸಂಗೀತ ಪಾಠಕ್ಕೆ ಹೋದವರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ಆರನೇ ತಂತಿಯನ್ನು ಷಡ್ಜ ಅಂದುಕೊಳ್ಳಿ, ಐದನೆಯದು ಅದರ ಶುದ್ಧ ಮಧ್ಯಮ. ಐದನೆಯದನ್ನು ಷಡ್ಜ ಮಾಡಿಕೊಂಡರೆ ನಾಲ್ಕನೆಯದು ಅದರ ಮಧ್ಯಮ. ನಾಲ್ಕರಿಂದ ಮೂರಕ್ಕೂ ಹಾಗೆಯೇ, ಎರಡರಿಂದ ಒಂದಕ್ಕೂ ಹಾಗೆಯೇ. ಮೂರರಿಂದ ಎರಡಕ್ಕೆ ಮಾತ್ರ ಅಂತರ ಗಾಂಧಾರ.

ಒಳ್ಳೆಯ ಕಿವಿ ಇರುವವರೇ ತಪ್ಪು ಮಾಡುವ ಜಾಗವೂ ಅದೇ. ಸ್ಥಾಯಿಯನ್ನು 1200 ಸೆಂಟ್ ಎಂಬ ಸಣ್ಣ ಭಾಗಗಳಾಗಿ ಲೆಕ್ಕ ಹಾಕುತ್ತಾರೆ. ತಂಬೂರಿಯ ಷಡ್ಜದೊಳಗಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರ ಸುಮಾರು 386 ಸೆಂಟ್. ಗಿಟಾರಿನ ಫ್ರೆಟ್ಟುಗಳನ್ನು ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿ ಕೂರಿಸಿರುವುದರಿಂದ ಅದರ ಗಾಂಧಾರ 400 ಸೆಂಟ್. ನೀವು ಮೂರನೇ ತಂತಿ ಮೀಟಿ, ತಂಬೂರಿಗೆ ಪಳಗಿದ ಕಿವಿಯಿಂದ ಎರಡನೆಯದನ್ನು ಇಂಪಾಗುವಂತೆ ಕೂರಿಸಿದರೆ ಅದು 14 ಸೆಂಟ್ ತಗ್ಗಿರುತ್ತದೆ. ಖಾಲಿ ತಂತಿ ಸೊಗಸಾಗಿ ಕೇಳುತ್ತದೆ, ಸಿ ಕಾರ್ಡ್ ಹಿಡಿದರೆ ಎರಡನೇ ತಂತಿ ಇಳಿದುಹೋದಂತೆ ಕೇಳುತ್ತದೆ. ಕರ್ನಾಟಕ ಸಂಗೀತ ಕಲಿತ ಮೇಲೆ ಗಿಟಾರ್ ಹಿಡಿದ ಎಷ್ಟೋ ಜನ ಇದಕ್ಕೆ ವಾದ್ಯವನ್ನು ದೂರಿದ್ದಾರೆ. ಕಿವಿಯದೂ ತಪ್ಪಲ್ಲ, ವಾದ್ಯದ್ದೂ ತಪ್ಪಲ್ಲ, ಎರಡರ ಲೆಕ್ಕ ಬೇರೆ. ಎರಡನೇ ತಂತಿಯನ್ನು ಟ್ಯೂನರ್ ಹೇಳಿದಂತೆ ಇಡಿ. ಬರೀ ತಂಬೂರಿಯ ಜೊತೆ ರಾಗ ನುಡಿಸುವವರಾದರೆ ಮಾತು ಬೇರೆ, ಆಗ ನಿಮ್ಮ ಕಿವಿಯೇ ಗುರು.

ಯಾವ ತಂತಿಯಾದರೂ ಕೆಳಗಿನಿಂದ ಏರಿಸಿಯೇ ಸ್ವರಕ್ಕೆ ತನ್ನಿ. ಹೆಚ್ಚಾದರೆ ಇಳಿಸಿ ಅಲ್ಲಿಗೇ ಬಿಡಬೇಡಿ, ಸ್ವರಕ್ಕಿಂತ ಕೆಳಗೆ ಇಳಿಸಿ ಮತ್ತೆ ಏರಿಸಿ. ಬಿರಡೆಯ ಹಲ್ಲುಚಕ್ರದಲ್ಲಿ ಸಡಿಲ ಉಳಿದರೆ ಐದು ನಿಮಿಷದಲ್ಲಿ ಸ್ವರ ಇಳಿಯುತ್ತದೆ.

ಹೊಸ ತಂತಿ ಹಿಗ್ಗುತ್ತದೆ. ಒಂದೊಂದನ್ನೇ ದುಂಡು ತೂತಿನ ಮೇಲೆ ಬೆರಳಿನಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆಳೆಯಿರಿ, ಮತ್ತೆ ಶ್ರುತಿ ಮಾಡಿ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಶ್ರುತಿ ನಿಲ್ಲುತ್ತದೆ. ಒಂದನೆಯದನ್ನು ಎಳೆಯುವಾಗ ಕೈ ಹಗುರವಿರಲಿ.

8. ಎತ್ತರ ಇಳಿಸುವುದು

ಒಂದು ದಿನ ಬಿಟ್ಟು ಮತ್ತೆ ಅಳೆಯಿರಿ. ತೆಳ್ಳಗಿನ ಸೆಟ್ಟಿಗೆ ಬದಲಾಗಿದ್ದರೆ ಎಳೆತ ಕಡಿಮೆಯಾಗಿ ಎತ್ತರವೂ ಕೊಂಚ ಇಳಿದಿರುತ್ತದೆ. ಇನ್ನೂ ನಾಲ್ಕು ಕಾರ್ಡು ಸಲೀಸಾಗಿ ತೂರುತ್ತಿದ್ದರೆ ಮುಂದಿನ ಕೆಲಸ.

ಮೊದಲು ಕುತ್ತಿಗೆಯ ಬಾಗು. ಕುತ್ತಿಗೆಯೊಳಗೆ ಟ್ರಸ್ ರಾಡ್ ಎಂಬ ಲೋಹದ ಸರಳಿರುತ್ತದೆ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಇದಕ್ಕೆ 1923ರಲ್ಲಿ ಪೇಟೆಂಟ್ ಪಡೆದರು. ತಂತಿ ಎಳೆಯುವ ಬಲಕ್ಕೆ ಎದುರಾಗಿ ಕುತ್ತಿಗೆಯನ್ನು ನೇರ ಹಿಡಿಯುವುದು ಇದರ ಕೆಲಸ. ಏಳನೇ ಫ್ರೆಟ್ಟಿನ ಸಂದು ನಾಲ್ಕೈದು ಹಾಳೆಗಿಂತ ಹೆಚ್ಚಿದ್ದರೆ ಅಲನ್ ಕೀ ಎಂಬ ಆರು ಮೂಲೆಯ ಕೀಲಿಯಿಂದ ಬಲಕ್ಕೆ, ಗಡಿಯಾರದ ಮುಳ್ಳಿನ ದಿಕ್ಕಿಗೆ, ಕಾಲು ಸುತ್ತು ಮಾತ್ರ ತಿರುಗಿಸಿ. ಒಂದು ದಿನ ಬಿಟ್ಟು ನೋಡಿ. ಸಂದು ಇಲ್ಲವೇ ಇಲ್ಲದೆ ತಂತಿ ಝರಝರ ಅನ್ನುತ್ತಿದ್ದರೆ ಎಡಕ್ಕೆ ಕಾಲು ಸುತ್ತು. ತಿರುಗದೆ ಬಿಗಿ ಬಂದರೆ ಅಲ್ಲಿಗೇ ಕೈಬಿಡಿ, ಬಲ ಹಾಕಿ ಸರಳು ಮುರಿದರೆ ಕುತ್ತಿಗೆಯನ್ನೇ ಬಿಚ್ಚಬೇಕಾಗುತ್ತದೆ. ಟ್ರಸ್ ರಾಡ್ ಇರುವುದು ಬಾಗಿಗೆ, ಎತ್ತರ ಇಳಿಸುವುದಕ್ಕಲ್ಲ. ಬಾಗು ಸರಿಯಿದ್ದರೆ ಅದನ್ನು ಮುಟ್ಟಬೇಡಿ.

ಎತ್ತರ ಇಳಿಸುವುದು ಸ್ಯಾಡಲ್‌ನಲ್ಲಿ. 12ನೇ ಫ್ರೆಟ್ಟಿನಲ್ಲಿ ಎಷ್ಟು ಇಳಿಯಬೇಕೋ ಅದರ ಎರಡರಷ್ಟು ಸ್ಯಾಡಲ್‌ನ ತಳ ಸವೆಸಬೇಕು, ಏಕೆಂದರೆ 12ನೇ ಫ್ರೆಟ್ ತಂತಿಯ ನಡುವೆ ಇದೆ. ಅರ್ಧ ಮಿ.ಮೀ. ಇಳಿಯಲು ಒಂದು ಮಿ.ಮೀ. ತಂತಿ ಸಡಿಲಿಸಿ ಸ್ಯಾಡಲ್ ಹೊರತೆಗೆದು, ತಳದಿಂದ ಒಂದು ಮಿ.ಮೀ. ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. 220 ನಂಬರಿನ ಮರಳುಕಾಗದವನ್ನು ಗಾಜಿನ ಮೇಲೆ ಹಾಸಿ, ಸ್ಯಾಡಲನ್ನು ನೆಟ್ಟಗೆ ಹಿಡಿದು ಉಜ್ಜಿ. ಹತ್ತು ಸಲ ಉಜ್ಜಿ ಒಮ್ಮೆ ನೋಡಿ. ತಳ ಓರೆಯಾದರೆ ನಾದ ಕುಂದುತ್ತದೆ. ಇದಕ್ಕೆ ಮುಂಚೆ ಅದೇ ಅಳತೆಯ ಇನ್ನೊಂದು ಸ್ಯಾಡಲ್ ಕೊಂಡಿಟ್ಟುಕೊಳ್ಳಿ. ಸವೆಸಿದ್ದನ್ನು ಬೆಳೆಸಲು ಬರುವುದಿಲ್ಲ, ಮಳೆಗಾಲಕ್ಕೆ ಒಂದು, ಬೇಸಿಗೆಗೆ ಒಂದು ಎಂದು ಎರಡಿಟ್ಟುಕೊಳ್ಳುವವರೂ ಇದ್ದಾರೆ. ಸ್ಯಾಡಲ್ ಬ್ರಿಜ್‌ನಿಂದ ಎರಡು ಮಿ.ಮೀ.ಗಿಂತ ಹೆಚ್ಚು ಮೇಲೆ ಕಾಣದಿದ್ದರೆ ಸವೆಸಲು ಜಾಗವಿಲ್ಲ, ಕುತ್ತಿಗೆಯ ಕೋನವೇ ಬದಲಾಗಿದೆ ಅಂತ ಅರ್ಥ. ಅದನ್ನು ರಿಪೇರಿಯವರಿಗೆ ಬಿಡಿ. ಪಿಕಪ್ (ನಾದವನ್ನು ಸ್ಪೀಕರಿಗೆ ಕಳಿಸುವ ಸಾಧನ) ಇರುವ ಗಿಟಾರಿನ ಸ್ಯಾಡಲ್ ಕೆಳಗೆ ತೆಳುವಾದ ಪಟ್ಟಿ ಇರುತ್ತದೆ, ಅದನ್ನು ಎಳೆಯಬೇಡಿ. ನಟ್‌ನ ಗೀರು ಆಳ ಮಾಡಲು ತಂತಿಯ ದಪ್ಪಕ್ಕೆ ತಕ್ಕ ಅರಗಳು ಬೇಕು, ಅದೂ ರಿಪೇರಿಯವರದೇ ಕೆಲಸ.

ಇದ್ಯಾವುದಕ್ಕೂ ಧೈರ್ಯ ಸಾಲದವರಿಗೆ ಇವತ್ತೇ ಮಾಡಬಹುದಾದ ಉಪಾಯವಿದೆ. ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ಶ್ರುತಿ ಮಾಡಿ, ಮೊದಲ ಫ್ರೆಟ್ಟಿಗೆ ಕ್ಯಾಪೊ ಹಾಕಿ. ಕ್ಯಾಪೊ ಅಂದರೆ ಆರೂ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು. ಅರ್ಧ ಸ್ವರ ಇಳಿದರೆ ಎಳೆತ ಸುಮಾರು 11 ಪ್ರತಿಶತ ಕಡಿಮೆಯಾಗುತ್ತದೆ, ನಟ್‌ನ ಎತ್ತರದ ತೊಂದರೆ ಕ್ಯಾಪೊದಿಂದ ಕಳೆಯುತ್ತದೆ, ಸ್ವರ ಮಾತ್ರ ಮೊದಲಿನದೇ. ತೀರ್ಥಹಳ್ಳಿಯ ಹುಡುಗಿಗೆ ಸ್ಯಾಡಲ್ ಕೆಲಸ ಆಗುವ ತನಕ ಹೀಗೇ ನುಡಿಸಲು ಹೇಳಿದ್ದೆ. ಮೂರನೇ ದಿನ ಎಫ್ ಹಿಡಿದು ಫೋನಿನಲ್ಲೇ ಕೇಳಿಸಿದಳು, ಆರು ತಂತಿಯೂ ನುಡಿದವು.

9. ಮಳೆ, ಬಿಸಿಲು

ಮರ ಗಾಳಿಯ ತೇವ ಹೀರಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಗಿಟಾರಿಗೆ ಹಿತವಾದ ತೇವಾಂಶ 45ರಿಂದ 55 ಪ್ರತಿಶತ. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಅದು 80 ದಾಟಿ ವಾರಗಟ್ಟಲೆ ಇಳಿಯುವುದಿಲ್ಲ. ಪೆಟ್ಟಿಗೆಯ ಮೇಲ್ಹಲಗೆ ಹೊಟ್ಟೆಯಂತೆ ಉಬ್ಬಿ ಎತ್ತರ ಏರುತ್ತದೆ. ಆದ್ದರಿಂದ ಆಗಸ್ಟ್‌ನಲ್ಲಿ ಅಳೆದು ಸ್ಯಾಡಲ್ ಸವೆಸಬೇಡಿ, ಫೆಬ್ರವರಿಯಲ್ಲಿ ತಂತಿ ಫ್ರೆಟ್ಟಿಗೆ ತಾಗುತ್ತದೆ. ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ನೇತುಹಾಕದೆ, ಅದನ್ನಿಡುವ ಕೇಸಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಹರಳು ಕೊಂಡರೆ ತೇವ ಕುಡಿದಿದ್ದು ಕಣ್ಣಿಗೇ ಕಾಣುತ್ತದೆ, ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು.

ರಾಯಚೂರು, ಕಲಬುರಗಿ, ಬಳ್ಳಾರಿಯ ಏಪ್ರಿಲ್ ಇದಕ್ಕೆ ತದ್ವಿರುದ್ಧ. ಹೀಟರ್ ಹಾಕಿದ ಮನೆಯಲ್ಲಿ ಚಳಿಗಾಲ ಕಳೆಯುವ ಟೊರಾಂಟೊ, ಷಿಕಾಗೊದ ಕನ್ನಡಿಗರಿಗೂ ಇದೇ ತೊಂದರೆ. ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಹೊರಚಾಚಿ ಕೈ ಗೀರುತ್ತವೆ, ಕೊನೆಗೆ ಹಲಗೆಯೇ ಬಿರಿಯುತ್ತದೆ. ತೂತು ಕೊರೆದ ಸಾಬೂನು ಡಬ್ಬಿಯಲ್ಲಿ, ಹಿಂಡಿದ ಒದ್ದೆ ಸ್ಪಂಜಿಟ್ಟು ಕೇಸಿನೊಳಗೆ ಇಡಿ, ನೀರು ತೊಟ್ಟಿಕ್ಕಬಾರದು. ಎಲ್ಲ ಊರಿನವರಿಗೂ ಒಂದು ಮಾತು: ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಗಿಟಾರ್ ಬಿಡಬೇಡಿ. ಒಳಗಿನ ಶಾಖಕ್ಕೆ ಅಂಟು ಮೆತ್ತಗಾಗುತ್ತದೆ, ತಂತಿ ಎಳೆಯುತ್ತಲೇ ಇರುತ್ತದೆ, ಬ್ರಿಜ್ ಏಳುತ್ತದೆ.

ಮುಂದಿನ ಸಲ ಯಾವಾಗ? ದಿನಾ ಒಂದು ಗಂಟೆ ನುಡಿಸುವವರಿಗೆ ಎರಡು ಮೂರು ತಿಂಗಳು. ಬೆರಳನ್ನು ತಂತಿಯ ಕೆಳಮೈಗೆ ತಾಗಿಸಿ ಸವರಿ ನೋಡಿ. ಫ್ರೆಟ್ಟಿಗೆ ಬಡಿದಲ್ಲೆಲ್ಲ ಹಳ್ಳ ಬಿದ್ದಿದ್ದರೆ, ಬೆರಳಿಗೆ ಕಪ್ಪು ಅಂಟಿದರೆ ಅದರ ಕಾಲ ಮುಗಿಯಿತು. ನುಡಿಸಿ ಮುಗಿದ ಮೇಲೆ ಒಣಬಟ್ಟೆಯಿಂದ ತಂತಿಯ ಮೇಲೂ ಕೆಳಗೂ ಒರೆಸಿಟ್ಟರೆ ಇನ್ನೂ ಒಂದು ತಿಂಗಳು ಹೆಚ್ಚು ಬರುತ್ತದೆ. ತಂತಿ ಹಾಕಿದ ತಾರೀಖು, ದಪ್ಪ, ಅಳತೆಯ ಚೀಟಿ ಮೂರನ್ನೂ ಗಿಟಾರ್ ಚೀಲದ ಜೇಬಿನಲ್ಲಿಡಿ. ಕತ್ತರಿಸಿದ ತುಂಡುಗಳನ್ನು ನೆಲದಿಂದ ಒಂದೂ ಬಿಡದೆ ಆರಿಸಿ, ಹಳೆಯ ಪೊಟ್ಟಣದೊಳಗೆ ಹಾಕಿ ಅಂಟುಪಟ್ಟಿ ಸುತ್ತಿ ಕಸಕ್ಕೆ ಕೊಡಿ. ಒಂದನೇ ತಂತಿಯ ಚೂರು ಬರಿಗಾಲಿಗೆ ಹೊಕ್ಕರೆ ಹುಡುಕಿ ತೆಗೆಯುವುದು ಕಷ್ಟ.